ಎದೆನೋವು ಅಂತ ಬರೆದವರು

ಯಾವ ಕಾಗದ ಕೊಟ್ಟರೂ ಅವರು ಮೊದಲು ಅದರ ಹಿಂಬದಿ ನೋಡುತ್ತಿದ್ದರು. ಮುಂಬದಿಯಲ್ಲಿ ಏನು ಬರೆದಿದೆ ಅಂತ ತಿಳಿಯುವುದಕ್ಕೆ ನಾನು ಕಡೂರಿನಿಂದ ತರೀಕೆರೆಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದರೆ, ಅವರು ಕಾಗದ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸಲ ಮೂಸಿ, "ಟ್ರಂಕಿನಲ್ಲಿತ್ತು. ನುಸಿಗುಳಿಗೆ ವಾಸನೆ" ಅನ್ನುವರು. ಅಷ್ಟು ನನಗೂ ಗೊತ್ತಿತ್ತು. ಟ್ರಂಕು ನಮ್ಮದೇ.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಸಿಟ್ಟೇ ಮೊದಲು ಬರುತ್ತಿದೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಮಗಳಿಗೆ ಬೇಜಾರಾಗುತ್ತದೆ. ಅವರೇ ಇದ್ದಿದ್ದರೆ ಹಾಕಲಿಲ್ಲವಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ಸರ್ಕಾರಿ ಡಾಕ್ಟರಾಗಿ ಅಜ್ಜಂಪುರದ ಕಡೆ, ದೇವನೂರಿನ ಕಡೆ, ನಮ್ಮ ಪಂಚನಹಳ್ಳಿ ಕಡೆಯ ಸಣ್ಣಸಣ್ಣ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ ಮಾಡಿಕೊಂಡಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನವೂ ತಲೆಗೆ ಮಂಕಿ ಟೋಪಿ. "ಡಾಕ್ಟ್ರೆ, ಸೆಖೆ ಆಗಲ್ವಾ?" ಅಂದರೆ, "ಸೆಖೆಯಿಂದ ಯಾರೂ ಸತ್ತಿದ್ದು ನಾನು ನೋಡಿಲ್ಲ" ಅಂದವರೇ, ಒಂದು ಕ್ಷಣ ಯೋಚಿಸಿ, "ಸತ್ತಿರಬಹುದು. ಬರೆದಿದ್ದು ನೋಡಿಲ್ಲ" ಎಂದು ತಿದ್ದಿಕೊಳ್ಳುವರು. ಹೀಗೆ ಹೇಳಿದ್ದನ್ನು ತಾವೇ ಅರ್ಧ ವಾಪಸು ತೆಗೆದುಕೊಳ್ಳುವ ಮನುಷ್ಯನ ಹತ್ತಿರ ಖಚಿತವಾದ ಉತ್ತರ ಕೇಳಿಕೊಂಡು ಹೋದ ನನ್ನ ಬುದ್ಧಿಗೆ ಏನು ಹೇಳಬೇಕು?

ಈಗ ವಂಶವೃಕ್ಷ ಬರೆಯುವ ಹುಚ್ಚು ನಮ್ಮ ಸೀಮೆಗೂ ಹತ್ತಿದೆ. ಮೊದಲು ಜಮೀನಿನ ಖಾತೆ ಬದಲಾಯಿಸುವುದಕ್ಕೆ ಮಾತ್ರ ಬೇಕಾಗಿದ್ದ ವಂಶವೃಕ್ಷವನ್ನು ಈಗ ಪೆನ್ಷನ್ ಬಂದವರು ಹೊತ್ತು ಕಳೆಯುವುದಕ್ಕೂ ಬರೆಯುತ್ತಾರೆ. ಮುತ್ತಾತನ ಹೆಸರು ಸಿಕ್ಕ ಮೇಲೆ ಅವನು ಹೇಗೆ ಸತ್ತ ಅಂತ ತಿಳಿಯುವ ಆಸೆ ಹುಟ್ಟುತ್ತದೆ. ಪಟೇಲರ ಕಾಲದ ಜನನ ಮರಣದ ಪುಸ್ತಕದಿಂದ ನಕಲು ತೆಗೆಸುತ್ತಾರೆ. ಅದರಲ್ಲಿ ಒಂದೋ ಎರಡೋ ಪದ: ಜ್ವರ, ಮುಪ್ಪು, ವಾಂತಿಭೇದಿ, ಧನುರ್ವಾಯು. ಅದನ್ನು ಹಿಡಿದುಕೊಂಡು ಅರ್ಥ ಕೇಳಲು ಈ ಡಾಕ್ಟರ ಮನೆಗೆ ಬರುತ್ತಿದ್ದರು. ಅವರು ಬಿಸಿ ಮಂಡಕ್ಕಿ ತಿನ್ನುತ್ತಾ, ಬಂದವರಿಗೆ ಒಂದು ಹಿಡಿ ಕೊಡುತ್ತಾ, ಎಲ್ಲರ ಪೂರ್ವಜರನ್ನೂ ಮತ್ತೊಮ್ಮೆ ಸಾಯಿಸುತ್ತಿದ್ದರು.

ಅಜ್ಜಂಪುರದ ಕಡೆಯ ಒಬ್ಬರು ಬಂದಾಗ ನಾನೂ ಅಲ್ಲೇ ಕೂತಿದ್ದೆ. ಅವರು ತಂದಿದ್ದ ಹಾಳೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ 'ಜ್ವರ'.

"ಇಷ್ಟೂ ಜನಕ್ಕೆ ಒಂದೇ ಜ್ವರ ಬಂತೇನ್ರೀ?" ಅಂದರು ಡಾಕ್ಟರು.

"ಆಗಿನ ಕಾಲದಲ್ಲಿ ಜ್ವರ ಜಾಸ್ತಿ ಇತ್ತಂತೆ ಸಾರ್."

"ವಾಂತಿಭೇದಿ ಅಂತ ಬರೆದಿದ್ರೆ ಅಮಲ್ದಾರ್ರು ಬಂದು ಸಂತೆ ನಿಲ್ಲಿಸ್ತಿದ್ರು. ಬಾವಿಗೆ ಔಷಧಿ ಹಾಕ್ತಿದ್ರು, ಊರಿಂದ ಊರಿಗೆ ಗಾಡಿ ಬಿಡ್ತಿರಲಿಲ್ಲ. ಜ್ವರ ಅಂತ ಬರೆದ್ರೆ ಯಾರೂ ಬರ್ತಿರಲಿಲ್ಲ. ನಿಮ್ಮ ಮುತ್ತಾತ ಸತ್ತಿದ್ದು ಯಾವುದರಿಂದ ಅಂತ ಈ ಹಾಳೇಲಿಲ್ಲ. ಊರಲ್ಲಿ ಸಂತೆ ಜೋರಾಗಿತ್ತು ಅಂತ ಮಾತ್ರ ಇದೆ."

ಆ ಮನುಷ್ಯ ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡ ರೀತಿ ನೋಡಿ ನನಗೇ ಪಾಪ ಅನ್ನಿಸಿತು. ಇನ್ನೊಬ್ಬರು, ಹೆಂಗಸು, ಮೂವತ್ತೆಂಟನೇ ವಯಸ್ಸಿಗೆ ತೀರಿಕೊಂಡ ತಮ್ಮ ಮುತ್ತಜ್ಜಿಗೆ 'ಮುಪ್ಪು' ಅಂತ ಬರೆದಿದ್ದಾರೆ, ಇದು ಯಾವ ಕಾಯಿಲೆ ಅಂತ ಕೇಳಿದರು. "ಬರೆದವನಿಗೆ ಹದಿನೆಂಟು ವರ್ಷ ಇತ್ತು ಅಂತ ಕಾಣುತ್ತೆ" ಅಂದರು ಡಾಕ್ಟರು. ಅಷ್ಟೇ. ಅಷ್ಟಕ್ಕೆ ಆಕೆ ಬೀರೂರಿನಿಂದ ಆಟೋ ಮಾಡಿಕೊಂಡು ಬಂದಿದ್ದರು.

ಇನ್ನು ನನ್ನ ಕಥೆ. ನಾನು ಕಡೂರಿನಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ಊರಲ್ಲಿ ತೆಂಗಿನ ತೋಟ, ಬೋರ್‌ವೆಲ್ಲು ನೋಡಿಕೊಳ್ಳುವವನು ನನ್ನ ತಮ್ಮ ಲೋಕೇಶ. ನಮ್ಮ ಮನೆಯಲ್ಲಿ ಎಲ್ಲರೂ ನಂಬಿಕೊಂಡಿದ್ದ ಒಂದು ಮಾತು: ಈ ಮನೆಯ ಗಂಡಸರು ಐವತ್ತೆರಡು ದಾಟಲ್ಲ, ಎದೆ ಹಿಡಿದುಕೊಂಡೇ ಹೋಗ್ತಾರೆ. ತಾತ ಹಾಗೇ ಹೋದರಂತೆ. ನಾನು ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿ ಪಿಯುಸಿ ಓದುತ್ತಿದ್ದಾಗ ಅಪ್ಪ ಹಾಗೇ ಹೋದರು. ಇದರ ಪರಿಣಾಮ ಅಣ್ಣತಮ್ಮಂದಿರ ಮೇಲೆ ಬೇರೆಬೇರೆ ಆಯಿತು. ನಾನು ಸುತ್ತಮುತ್ತ ಇರುವ ಎಲ್ಲಾ ಹೃದಯದ ಡಾಕ್ಟರ ಮುಂದೆಯೂ ಅಂಗಿ ಬಿಚ್ಚಿ ಮಲಗಿದೆ. ತರಗತಿಯಲ್ಲಿ ಮಕ್ಕಳು ಲೆಕ್ಕ ಮಾಡುವಾಗ ನಾನು ನಾಡಿ ಎಣಿಸುತ್ತಿದ್ದೆ. ಎಲ್ಲಿಗೆ ಹೋದರೂ ಒಂದು ಬಿಪಿ ಮಾತ್ರೆ ಬರೆದು, ಎದೆಯಲ್ಲಿ ಏನೂ ಇಲ್ಲ ಅನ್ನುತ್ತಿದ್ದರು. ಹಾಗಂದರೆ ಸಿಕ್ಕಿಲ್ಲ ಅಂತ ನಾನು ತಿಳಿಯುತ್ತಿದ್ದೆ. "ನಿಮಗೆ ಎದೆ ಅಂತ ಒಂದು ಇರೋದೇ ಕಾಯಿಲೆ" ಅನ್ನುತ್ತಾಳೆ ನನ್ನ ಹೆಂಡತಿ. ಲೋಕೇಶ ತದ್ವಿರುದ್ಧ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಏನಿದ್ದರೂ ಬರುವುದು ಬಂದೇ ಬರುತ್ತೆ, ಅಪ್ಪನ ದಾರಿ, ತಾತನ ದಾರಿ.

ಆ ವರ್ಷ ನನಗೆ ಐವತ್ತೊಂದು, ಅವನಿಗೆ ನಲವತ್ತೆಂಟು. ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ: ತೋಟದಿಂದ ಮನೆಗೆ ಬರುವ ಸಣ್ಣ ದಿಬ್ಬದಲ್ಲಿ ಅವನು ನಿಂತು ನಿಂತು ಬರುತ್ತಿದ್ದ. ಎದೆಯ ಮೇಲೆ ಅಂಗೈ.

"ಏನೋ ಅದು?"

"ಗ್ಯಾಸು ಕಣಣ್ಣ."

"ಎಷ್ಟು ದಿನದಿಂದ?"

"ನೀನು ಶುರು ಹಚ್ಕಬೇಡ. ಜೀರಿಗೆ ಕಷಾಯ ಕುಡೀತಾ ಇದೀನಿ."

"ಶಿವಮೊಗ್ಗಕ್ಕೆ ಹೋಗೋಣ ನಡಿಯೋ. ಒಂದು ಸಲ ತೋರಿಸಿಬಿಡೋಣ."

"ತೋರಿಸಿದ್ರೆ? ಅಪ್ಪನ ಎದೇನೇ ನಂಗೂ ಕೊಟ್ಟವ್ನೆ ದೇವ್ರು. ಡಾಕ್ಟ್ರು ಬ್ಯಾರೆ ಎದೆ ಕೊಡ್ತಾರಾ? ಇನ್ನ ನಾಕ್ ವರ್ಸ ಐತೆ, ಅಷ್ಟ್ರಾಗೆ ಹುಡುಗಿ ಓದು ಮುಗೀತದೆ ಬಿಡು."

ಹೀಗೆ ತನ್ನ ಸಾವನ್ನು ತೋಟದ ಬೇಲಿ ಹಾಕಿಸುವ ಕೆಲಸದ ಹಾಗೆ ಮಾತಾಡುವವನ ಜೊತೆ ಏನು ವಾದ ಮಾಡುವುದು? ಅವನ ಹೆಂಡತಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. "ಬಾವ, ನೀವಾದ್ರೂ ಹೇಳಿ" ಅನ್ನುವ ನೋಟ. ನಾನು ಹೇಳಿ ಅವನು ಕೇಳಿದ್ದು ಯಾವತ್ತು?

ಅದೇ ಹೊತ್ತಿಗೆ ಖಾತೆಯ ಕೆಲಸ ಬಂತು. ಜಮೀನು ಇನ್ನೂ ತಾತನ ಹೆಸರಲ್ಲೇ ಇತ್ತು. ಸತ್ತವರ ಹೆಸರಿನಿಂದ ನಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ತಾತನ ಮರಣದ ದಾಖಲೆ ಬೇಕು. "ಓದಿದವನು ನೀನು, ಆಫೀಸು ನಿಂದು. ತೋಟ ನಂದು" ಅಂತ ಲೋಕೇಶ ಬಹಳ ಹಿಂದೆಯೇ ಆಸ್ತಿ ಭಾಗ ಮಾಡಿಬಿಟ್ಟಿದ್ದ. ಅಲೆದಾಡಿ ಅಲೆದಾಡಿ ನಕಲು ಸಿಕ್ಕಿತು. ಹೆಸರು, ವಯಸ್ಸು ಐವತ್ತೆರಡು, ಕಾರಣ: ಎದೆನೋವು. ಅಪ್ಪನದು ಅವ್ವನ ಟ್ರಂಕಿನಲ್ಲಿತ್ತು. ಈಗಿನ ಮರಣ ಪ್ರಮಾಣಪತ್ರದಲ್ಲಿ ಕಾರಣ ಬರೆಯುವುದಿಲ್ಲ, ಆದರೆ ಅದನ್ನು ಮಾಡಿಸುವುದಕ್ಕೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನೂ ಅವ್ವ ಜೋಪಾನ ಮಾಡಿದ್ದಳು. ಇಂಗ್ಲಿಷಿನಲ್ಲಿ ಮೂರು ಪದ. ಇರುವೆ ಶಾಯಿಯಲ್ಲಿ ಬಿದ್ದು ನಡೆದಾಡಿದ ಹಾಗೆ. ಅದರಲ್ಲಿ ಒಂದು ಹಾರ್ಟ್ ಅಂತ ನನ್ನ ಎದೆಯೇ ಓದಿಕೊಂಡಿತು. ಇನ್ನೊಂದು ಅಟ್ಯಾಕ್ ಇರಬೇಕು. ಮೂರನೆಯದು ಮಾತ್ರ ತಿಳಿಯಲಿಲ್ಲ. ತಿಳಿಯದ ಆ ಒಂದು ಪದ ಯಾವುದೋ ದೊಡ್ಡ ರೋಗದ ಹೆಸರಿರಬೇಕು, ಇಲ್ಲಿವರೆಗೂ ಯಾರೂ ನನ್ನನ್ನು ಅದಕ್ಕೆ ಪರೀಕ್ಷೆ ಮಾಡಿಲ್ಲ ಅಂತ ಗಾಬರಿಯಾಯಿತು. ಸ್ಟಾಫ್ ರೂಮಿನಲ್ಲಿ ಸಮಾಜದ ಮೇಷ್ಟ್ರು ಹೇಳಿದರು, "ತರೀಕೆರೇಲಿ ಒಬ್ಬರು ಇದಾರೆ ನೋಡಿ, ಯಾವ ಡಾಕ್ಟ್ರ ಅಕ್ಷರಾನೂ ಓದ್ತಾರೆ."

ಓದಿದರು. ಹಿಂಬದಿ ನೋಡಿ, ಮೂಸಿ, ಟ್ರಂಕಿನ ವಿಷಯ ಹೇಳಿ, ಆಮೇಲೆ ಮುಂಬದಿ ತಿರುಗಿಸಿದರು. ಮಂಡಕ್ಕಿ ಹಿಡಿದಿದ್ದ ಕೈ ತಟ್ಟೆಗೆ ವಾಪಸು ಹೋಯಿತು.

"ಓದೋಕಾಗುತ್ತಾ ಡಾಕ್ಟ್ರೆ?"

"ಆಗುತ್ತೆ."

"ಏನಂತ ಬರೆದಿದೆ?"

"ಏನು ಬರೆದಿದೆ ಅನ್ನೋದು ಆಮೇಲೆ ಮೇಷ್ಟ್ರೆ. ನಿಮ್ಮ ತಾತ ಹೆಂಗೆ ಸತ್ತರು?"

ತಾತನ ನಕಲು ಕೊಟ್ಟೆ. ಅದನ್ನೂ ತಿರುಗಿಸಿ ಮೂಸಿದರು. "ಇದು ಪಟೇಲ ಬರೆದಿದ್ದು. ಪಟೇಲನಿಗೆ ಯಾರು ಹೇಳಿದ್ದು?"

"ಅದು ನನಗೆ ಹೇಗೆ ಗೊತ್ತಾಗಬೇಕು? ನಾನು ಹುಟ್ಟೇ ಇರಲಿಲ್ಲ."

"ಹುಟ್ಟಿದ್ದವರು ಯಾರಿದಾರೆ?"

ಅಪ್ಪನ ಅಕ್ಕ, ನಮ್ಮ ಸೋದರತ್ತೆ, ದೇವನೂರಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಳು. ತೊಂಬತ್ತರ ಹತ್ತಿರ ಹತ್ತಿರ. ಹಾಗಂದಿದ್ದೇ ತಪ್ಪಾಯಿತು.

"ಹೋಗಿ ಕೇಳ್ಕೊಂಡು ಬನ್ನಿ. ಯಾವ ಕಾಯಿಲೆ ಅಂತ ಮಾತ್ರ ಕೇಳಬೇಡಿ. ಕಾಯಿಲೆ ಕೇಳಿದ್ರೆ ಎಲ್ಲರೂ ಪಾಠ ಒಪ್ಪಿಸ್ತಾರೆ. ಆವತ್ತು ಏನು ಉಂಡಿದ್ರು, ಎಲ್ಲಿಂದ ಹೊತ್ತು ತಂದ್ರು, ಅಷ್ಟು ಕೇಳಿ."

"ನನ್ನ ಚೀಟೀಲಿ ಏನಿದೆ ಅಂತ ಹೇಳಿಬಿಟ್ರೆ..."

ಒಳಗಿನಿಂದ ಅವರ ಹೆಂಡತಿ ಕೂಗಿದರು, "ಪಾಪ, ಅವರಿಗೆ ಉತ್ತರ ಹೇಳಿ ಕಳಿಸಿ ಅಂದ್ರೆ. ಬಿಸಿಲಲ್ಲಿ ಬಂದವ್ರೆ."

"ಉತ್ತರ ನನ್ನ ಹತ್ರ ಇಲ್ಲ ಕಣೇ. ಇವರ ಅತ್ತೆ ಹತ್ರ ಇದೆ."

ಅಂದವರೇ ಅಪ್ಪನ ಚೀಟಿಯನ್ನು ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು. ನನ್ನ ಅಪ್ಪನ ಚೀಟಿ! ವಾಪಸು ಕೇಳುವುದಕ್ಕೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೇಳಬೇಕಾಗಿದ್ದ ಮಾತೆಲ್ಲ ಚೆನ್ನಾಗಿ ನೆನಪಾಯಿತು. ಅವರ ಮುಂದೆ ನನಗೆ ಯಾವಾಗಲೂ ಹೀಗೇ.

ದೇವನೂರಿಗೆ ಹೋಗಲು ವಾರ ತಡವಾಯಿತು. ಆ ವಾರ ಪೂರ್ತಿ ಆ ಮೂರನೆಯ ಪದ ನನ್ನನ್ನು ಮಲಗಗೊಡಲಿಲ್ಲ. ಲೋಕೇಶನಿಗೆ ಫೋನು ಮಾಡಿದರೆ, "ಗ್ಯಾಸು ಕಮ್ಮಿ ಆಗೈತೆ" ಅನ್ನುತ್ತಿದ್ದ. ಉಸಿರು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದುದು ಫೋನಿನಲ್ಲೇ ಕೇಳುತ್ತಿತ್ತು.

ಅತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕುಶಲ ಎಲ್ಲ ಆದ ಮೇಲೆ ಡಾಕ್ಟರು ಹೇಳಿಕೊಟ್ಟ ಹಾಗೇ ಶುರು ಮಾಡಿದೆ.

"ಅತ್ತೆ, ತಾತ ಸತ್ತ ದಿವಸ ಏನು ಉಂಡಿದ್ದ?"

"ಯಾಕ್ಲಾ ಮಗಾ, ಈಗ ಅವನಿಗೆ ಎಡೆ ಇಕ್ಕೀಯಾ?"

"ಸುಮ್ನೆ ಕೇಳ್ದೆ."

"ಮುದ್ದೆ, ಹುಳ್ಳಿ ಸಾರು. ಎಲ್ಡು ಮುದ್ದೆ ಉಂಡು, ಇನ್ನೊಂದು ಅರ್ಧ ಹಾಕವ್ವಾ ಅಂತ ನನ್ನತ್ರ ಕೇಳಿ ಹಾಕಿಸ್ಕಂಡ."

ಎದೆನೋವಿನ ಮನುಷ್ಯ ಎರಡೂವರೆ ಮುದ್ದೆ! ನನಗೆ ಒಂದು ಮುದ್ದೆ ತಿಂದರೇ ಎದೆ ಉರಿಯುತ್ತದೆ.

"ಎಲ್ಲಿಂದ ಹೊತ್ಕೊಂಡು ಬಂದ್ರು ಅತ್ತೆ?"

ಅವಳು ಬಾಗಿಲ ಕಡೆ ನೋಡಿದಳು. ಮೊಮ್ಮಕ್ಕಳು ಯಾರೂ ಇರಲಿಲ್ಲ.

"ಅದನ್ನ ಯಾರಿಗೂ ಹೇಳ್ಬಾರ್ದು ಅಂತ ಪಟೇಲ ಅಂದಿದ್ದ."

"ಆ ಪಟೇಲ ಸತ್ತು ಎಷ್ಟು ಕಾಲ ಆಯ್ತೋ ಏನೋ."

"ಅವನು ಸತ್ರೆ? ಮಾತು ಕೊಟ್ಟಿದ್ದು ನಾವು ಅಲ್ವೇನ್ಲಾ?"

ಇನ್ನು ಬಾಯಿ ಬಿಡುವುದಿಲ್ಲ ಅಂದುಕೊಂಡೆ. ಆದರೆ ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಅವಳೇ ತಡೆಯಲಾರದೆ ಹೇಳಿದಳು.

"ಹುಣಸೇಮರದ ಬುಡದಿಂದ ಕಣ್ಲಾ. ಹಣ್ಣು ಬಡಿಯಾಕೆ ಹತ್ತಿದ್ದ. ಕೊಂಬೆ ಸಮೇತ ಬಂದ. ಏಣಿ ಮ್ಯಾಲೆ ಮಲಗಿಸ್ಕಂಡು ತಂದ್ರು, ದಾರೀಲೇ ಹೋಗ್ಬಿಟ್ಟ. ಪಟೇಲ ಬಂದು, ಮರದಿಂದ ಬಿದ್ದ ಅಂತ ಬರೆದ್ರೆ ಪೊಲೀಸ್ನೋರು ಬತ್ತಾರೆ, ಬಿದ್ನೋ ಯಾರಾನ ದಬ್ಬಿದ್ರೋ ಅಂತಾರೆ, ಹೆಣ ತಕ್ಕಂಡೋಗಿ ಕುಯ್ತಾರೆ ಅಂದ. ನಮ್ಮವ್ವ ಅವನ ಕಾಲು ಹಿಡ್ಕಂಡ್ಲು. ಕುಯ್ಯೋದು ಬ್ಯಾಡ ಸ್ವಾಮೀ ಅಂದ್ಲು. ಅವನು ಒಂದು ಗಳಿಗೆ ತಲೆ ಕೆರ್ಕಂಡು, ಎದೆನೋವು ಅಂತ ಬರ್ಕತೀನಿ ಬಿಡವ್ವಾ, ಎಲ್ರೂ ಹಂಗೇ ಹೇಳಿ ಅಂದ."

"ನಮ್ಮಪ್ಪನಿಗೆ?"

"ಅವನು ಆವಾಗ ಸಣ್ಣೋನು, ಮಾವನ ಮನೇಗೆ ಹೋಗಿದ್ದ. ಅವನಿಗೂ ಎದೆನೋವು ಅಂತಾನೇ ಹೇಳಿದ್ವಿ. ಹುಡುಗ್ರು ಎಲ್ಲಾನ ಬಾಯಿ ಬಿಟ್ಟಾವು ಅಂತ. ಆಮೇಲೆ ಹೇಳಾನ ಅಂದ್ಕಂಡ್ವಿ. ಆಮೇಲೆ ಮರ್ತೇ ಹೋಯ್ತು."

ಮರೆತೇ ಹೋಯಿತು! ಅವರು ಮರೆತಿದ್ದನ್ನು ನಾವು ಎರಡು ತಲೆಮಾರು ಎದೆಯಲ್ಲಿ ಇಟ್ಟುಕೊಂಡು ತಿರುಗಿದೆವು. ಅತ್ತೆ ಮಾತ್ರ, "ಪಟೇಲ ಒಳ್ಳೆ ಮನ್ಸ ಕಣ್ಲಾ" ಅಂತ ಹೇಳಿ ಕಾಲು ಒಳಗೆ ಎಳೆದುಕೊಂಡಳು.

ತರೀಕೆರೆಗೆ ಹೋಗಿ ಡಾಕ್ಟರಿಗೆ ಹೇಳಿದೆ. ಮಧ್ಯ ಮಾತಾಡದೆ ಪೂರ್ತಿ ಕೇಳಿದರು. ಅದೇ ನನಗೆ ವಿಚಿತ್ರ ಅನ್ನಿಸಿತು. ಮಂಕಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ತಲೆ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೂದಲಿಲ್ಲದ, ಬೆವೆತ, ತುಂಬಾ ಸಣ್ಣ ತಲೆ.

"ನಿಮ್ಮ ತಮ್ಮ ಊರಲ್ಲೇ ಇರೋದಾ?"

"ಹೌದು. ಅವನಿಗೇ ಇರೋದು ತೊಂದರೆ. ಅದಕ್ಕೇ ನಾನು ಆ ಮೂರನೇ ಪದ..."

"ಭಾನುವಾರ ಹೋಗೋಣ. ನಾನು ಬರ್ತೀನಿ."

ಯಾಕೆ ಅಂತ ಹೇಳಲಿಲ್ಲ. ಚೀಟಿ ವಾಪಸು ಕೊಡಲಿಲ್ಲ.

ಆ ಪ್ರಯಾಣ ನಾನು ಮರೆಯುವ ಹಾಗಿಲ್ಲ. ತರೀಕೆರೆಯಿಂದ ಕಡೂರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಅವರು ಕಂಡಕ್ಟರ ಜೊತೆ ಚಿಲ್ಲರೆಗೆ ಜಗಳ ಮಾಡಿದರು, ಪಕ್ಕದವನ ಕೆಮ್ಮು ಕೇಳಿ ಕಫ ಪರೀಕ್ಷೆ ಮಾಡಿಸಿಕೋ ಅಂದರು, ಮುಂದಿನ ಸೀಟಿನ ಹೆಂಗಸಿನ ಕಾಲು ಊದಿರುವುದನ್ನು ನೋಡಿ ಉಪ್ಪಿನಕಾಯಿ ಬಿಡಿಸಿದರು. ಇದೆಲ್ಲ ಆ ಕಂಡಕ್ಟರೇ ಆಮೇಲೆ ನನಗೆ ಹೇಳಿದ್ದು; ನಾನು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ನನ್ನನ್ನು ನೋಡಿದ ಕೂಡಲೇ, "ಬಿಪಿ ಮಾತ್ರೆ ತಗೊಂಡ್ರಾ?" ಅಂತ ನಾಲ್ಕು ಜನರ ಮುಂದೆ ಕೂಗಿದರು. ಊರಿನ ಬಸ್ಸು ಎರಡು ಸಲ ಕೆಟ್ಟು ನಿಂತಿತು. ನಿಂತಾಗೆಲ್ಲ ಅವರು ಕೆಳಗಿಳಿದು ಡ್ರೈವರಿಗೆ ಸಲಹೆ ಕೊಟ್ಟರು. ಊರ ಗೇಟಿನಲ್ಲಿ ಇಳಿದು ನಡೆಯುವಾಗ ಮಾತ್ರ ಮೌನ. ನಮ್ಮ ಮನೆ ಯಾವುದು ಅಂತ ನಾನು ತೋರಿಸುವ ಮೊದಲೇ ಆ ಕಡೆ ತಿರುಗಿದರು. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ. ಗಣಿತದ ಮೇಷ್ಟ್ರು ಬೇರೆ.

ಲೋಕೇಶ ಜಗಲಿಯ ಮೇಲೆ ಕೂತಿದ್ದ. ನನ್ನ ಹಿಂದೆ ಕೈಯಲ್ಲಿ ಬ್ಯಾಗು ಹಿಡಿದ ಮುದುಕ ಡಾಕ್ಟರನ್ನು ನೋಡಿ ಅವನ ಮುಖ ಗಂಟಾಯಿತು.

"ಅಣ್ಣ, ಮನೇಗೇ ಕರ್ಕಬಂದ್ಯಾ?"

"ನಿಮ್ಮಣ್ಣ ಏನೂ ಕರ್ಕೊಂಡು ಬರಲಿಲ್ಲ ಕಣಯ್ಯಾ. ನಾನೇ ಬಂದೆ. ಇಲ್ಲಿಗೆ ಮೊದಲೂ ಬಂದಿದೀನಿ" ಅಂದರು ಡಾಕ್ಟರು. ಕೂರಿ ಅಂದರೆ ಕೂರಲಿಲ್ಲ. "ನಿಮ್ಮಪ್ಪನ್ನ ಈ ಜಗಲಿ ಮೇಲೇ ಮಲಗಿಸಿದ್ರು. ನೀನು ಆ ಕಂಬ ಹಿಡ್ಕೊಂಡು ನಿಂತಿದ್ದೆ."

ಲೋಕೇಶ ಕಂಬ ನೋಡಿದ. ನಾನೂ ನೋಡಿದೆ.

ಅವರು ಜೇಬಿನಿಂದ ಚೀಟಿ ತೆಗೆದರು. "ಇದು ನಾನು ಬರೆದಿದ್ದು."

ಇಷ್ಟು ವಾರ ನನ್ನನ್ನು ಓಡಾಡಿಸಿದ ಮನುಷ್ಯ, ತಮ್ಮದೇ ಅಕ್ಷರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿಸಿದ್ದರು! ನನ್ನ ಬಾಯಿಗೆ ಬಂದಿದ್ದನ್ನು ಇಲ್ಲಿ ಬರೆಯುವುದು ಬೇಡ. ಅದನ್ನೂ ಆಗ ಹೇಳಲಿಲ್ಲ, ಬಸ್ಸಿನಲ್ಲಿ ಕೂತ ಮೇಲೇ ನೆನಪಾಗಿದ್ದು.

"ನಾನು ಬರೋ ಹೊತ್ತಿಗೆ ಮೈ ತಣ್ಣಗಾಗಿತ್ತು" ಅಂದರು. "ಏನಾಯ್ತು ಅಂದೆ. ಹೊಲದಿಂದ ಬಂದ, ಸುಸ್ತು ಅಂದ, ನೀರು ಕೇಳ್ದ, ಮಲಗ್ದ ಅಂದ್ರು. ಗುಂಪಲ್ಲಿ ಯಾರೋ ಒಬ್ಬ, ಇವರಪ್ಪನೂ ಎದೆನೋವಲ್ಲೇ ಹೋಗಿದ್ದು ಸಾರ್ ಅಂದ. ಮಣ್ಣಿಗೆ ಹೊತ್ತಾಗ್ತಾ ಇತ್ತು. ನಿಂತಲ್ಲೇ ಬರೆದುಕೊಟ್ಟೆ. ಹಾವು ಕಚ್ಚಿತ್ತೋ ಅಂತ ಕಾಲು ಕೂಡ ನೋಡಲಿಲ್ಲ. ಬಿಸಿಲು ಬಡಿದಿತ್ತೋ, ತಲೇಲಿ ರಕ್ತನಾಳ ಒಡೆದಿತ್ತೋ. ಹಾರ್ಟೇ ಇದ್ದರೂ ಇರಬಹುದು. ನನಗೆ ಗೊತ್ತಿಲ್ಲ."

"ಮೂರನೇ ಪದ ಯಾವುದು?" ಅಂದೆ ನಾನು. ಎಂಥಾ ಹೊತ್ತಿನಲ್ಲಿ ಎಂಥಾ ಪ್ರಶ್ನೆ ಅಂತ ಗೊತ್ತಿದ್ದರೂ ತಡೆಯಲಾಗಲಿಲ್ಲ.

"ಪ್ರಾಬಬ್ಲಿ. ಬಹುಶಃ ಅಂತ. ಅಷ್ಟು ಮರ್ಯಾದೆ ಇತ್ತು ನನಗೆ. ಯಾರಿಗೂ ಓದೋಕೆ ಆಗದ ಹಾಗೆ ಬರೆದಿದ್ದೆ, ಅಷ್ಟೇ."

ಹುಣಸೇಮರದ ವಿಷಯವನ್ನು ನಾನು ಹೇಳಿದೆ. ಲೋಕೇಶ ಕೇಳುತ್ತಾ ಕೇಳುತ್ತಾ ಜಗಲಿಯ ಅಂಚನ್ನು ಹಿಡಿದುಕೊಂಡ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು.

"ಹಂಗಾರೆ ನಮ್ ತಾತಂಗೆ ಎದೆನೋವೇ ಇರ್ಲಿಲ್ವಾ?"

"ಇರಲಿಲ್ಲ."

"ನಮ್ಮಪ್ಪಂಗೆ?"

"ಗೊತ್ತಿಲ್ಲ ಅಂದ್ನಲ್ಲಯ್ಯಾ."

"ಐವತ್ತೆಲ್ಡು?"

"ನಿಮ್ಮ ತಾತ ಹುಟ್ಟಿದ್ದನ್ನ ಯಾರು ಬರೆದಿಟ್ಟಿದ್ರು? ಪಟೇಲ ಮುಖ ನೋಡಿ ಹಾಕಿರ್ತಾನೆ. ನಾನು ನಿಮ್ಮಪ್ಪನ ವಯಸ್ಸು ಕೇಳ್ದಾಗ, ಇವರಪ್ಪ ಐವತ್ತೆರಡಕ್ಕೆ ಹೋದ, ಇವನಿಗೂ ಅಷ್ಟೇ ಇರ್ಬೇಕು ಅಂದ್ರು. ಅದನ್ನೂ ಬರ್ಕೊಂಡೆ."

ಲೋಕೇಶನಿಗೆ ಸಿಟ್ಟು ಬಂದಿತ್ತು. ಅವನಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ. "ನೀವೆಲ್ಲ ಸೇರ್ಕಂಡು ನಮ್ಮಪ್ಪನ ಎದೇನ ನನ್ ಎದೇಲಿ ಇಟ್ಬಿಟ್ರಲ್ಲ ಸ್ವಾಮಿ" ಅಂದ. "ಹುಡುಗಿ ಮದುವೆಗೆ ನಾನಿರಲ್ಲ ಅಂತ ನನ್ ಹೆಂಡ್ರಿಗೆ ಹೇಳ್ಬಿಟ್ಟಿದೀನಿ ಕಣ್ರೀ. ಎಷ್ಟು ವರ್ಸದಿಂದ ಅವಳು ಅದನ್ನ ಕೇಳ್ಕಂಡು ನನಗೆ ಮುದ್ದೆ ಇಕ್ತಾವ್ಳೆ."

ಡಾಕ್ಟರು ಕ್ಷಮೆ ಕೇಳಲಿಲ್ಲ. ಬ್ಯಾಗಿನಿಂದ ಬಿಪಿ ಮಿಷನ್ನು ತೆಗೆದು ಅವನ ಪಕ್ಕ ಕೂತರು. "ನಿಮ್ಮಪ್ಪನಿಗೆ ಏನಾಗಿತ್ತು ಅಂತ ಇನ್ನು ಯಾರಿಂದಲೂ ಹೇಳೋಕಾಗಲ್ಲ. ನಿನಗೇನಾಗಿದೆ ಅಂತ ಹೇಳಬಹುದು, ನೀನು ಇನ್ನೂ ಬೆಚ್ಚಗಿದೀಯ. ತೋಳು ಕೊಡು."

ಕೊಟ್ಟ. ನಾನು ಕೇಳಿ ಕೇಳಿ ಸಾಕಾಗಿದ್ದ ತೋಳನ್ನು ಆ ಮುದುಕನಿಗೆ ಕೊಟ್ಟ. ಅದೇ ವಾರ ಶಿವಮೊಗ್ಗಕ್ಕೂ ಬಂದ. ಆಂಜಿಯೋಗ್ರಾಂ ಮಾಡಿದರೆ ಒಂದು ರಕ್ತನಾಳ ಮುಕ್ಕಾಲು ಮುಚ್ಚಿಕೊಂಡಿತ್ತು. ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ದಿನ ಕಷಾಯ ಕುಡಿದುಕೊಂಡು ಕೂತಿದ್ದರೆ ಐವತ್ತೆರಡಲ್ಲ, ಯುಗಾದಿಯೂ ಸಿಗುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರು ಅಂದರು.

ಈಗ ನನ್ನ ಪರಿಸ್ಥಿತಿ ಯೋಚಿಸಿ. ತಾತನಿಗೆ ಹೃದಯದ ಕಾಯಿಲೆ ಇರಲಿಲ್ಲ, ಅಪ್ಪನಿಗೆ ಇತ್ತೋ ಇಲ್ಲವೋ ಗೊತ್ತಿಲ್ಲ ಅಂತ ಕಷ್ಟಪಟ್ಟು ಸಾಬೀತು ಮಾಡಿ ನೆಮ್ಮದಿಯಾಗಿ ಉಸಿರು ಬಿಡುವ ಹೊತ್ತಿಗೆ ಸ್ವಂತ ತಮ್ಮನಿಗೇ ನಿಜವಾಗಿ ಬಂದುಬಿಟ್ಟಿತು. ಹಾಗಾದರೆ ಇದು ವಂಶದ್ದೋ ಅಲ್ಲವೋ? ತರೀಕೆರೆಗೆ ಓಡಿದೆ.

"ನನಗೂ ಇರುತ್ತಾ ಡಾಕ್ಟ್ರೆ?"

"ಇರಬಹುದು."

"ಇಲ್ಲ ಅಂತ ಹೇಳೋಕಾಗಲ್ವಾ?"

"ಹೇಳಿದ್ರೆ ನಂಬ್ತೀರಾ?"

ಇಲ್ಲ. ಅವರಿಗೂ ಗೊತ್ತಿತ್ತು. ಒಂದು ಹಿಡಿ ಮಂಡಕ್ಕಿ ಕೊಟ್ಟು ಕಳಿಸಿದರು. ಆಮೇಲೂ ನಾನು ಹೋಗುತ್ತಲೇ ಇದ್ದೆ. ಯಾಕೆ ಹೋಗುತ್ತಿದ್ದೆ ಅಂತ ಹೆಂಡತಿ ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಹತ್ತು ಡಾಕ್ಟರು 'ಏನೂ ಇಲ್ಲ' ಅಂದಾಗ ಬಾರದ ನಿದ್ದೆ, ಇವರು 'ಗೊತ್ತಿಲ್ಲ' ಅಂದ ದಿನ ಬರುತ್ತಿತ್ತು. ಇದಕ್ಕೆ ಕಾರಣ ಯಾವ ಪುಸ್ತಕದಲ್ಲೂ ಇಲ್ಲ.

ಅವರು ಹೋದ ಸುದ್ದಿ ಬಂದ ದಿನ ನಾನೂ ಲೋಕೇಶನೂ ತರೀಕೆರೆಗೆ ಹೋದೆವು. ಬಂದವರೆಲ್ಲ ಅಂಗಳದಲ್ಲಿ ನಿಂತು ಅವರು ಯಾವುದರಿಂದ ಹೋದರು ಅಂತ ತೀರ್ಮಾನ ಮಾಡುತ್ತಿದ್ದರು. ಒಬ್ಬರು ಬಿಪಿ ಅಂದರು, ಒಬ್ಬರು ಸಕ್ಕರೆ ಅಂದರು, ಎದುರು ಮನೆಯವರು ಮೊನ್ನೆ ಮಳೆಯಲ್ಲಿ ನೆನೆದಿದ್ದೇ ಕಾರಣ ಅಂದರು. ಜೀವಮಾನದ ಕೊನೆಗೆ ಇದನ್ನೇ ಕೇಳಬೇಕಾಯಿತಲ್ಲ ಈ ಮನುಷ್ಯನಿಗೆ ಅಂತ ನನಗೆ ಮೈ ಉರಿಯಿತು. ಅವರ ಹೆಂಡತಿ ಮಾತ್ರ, "ಬೆಳಿಗ್ಗೆ ಕಾಫಿ ಕುಡಿದ್ರು. ಮಂಡಕ್ಕಿ ತರ್ತೀನಿ ಅಂದ್ರು. ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದ್ರು" ಅಂತ ಅಷ್ಟನ್ನೇ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಲೋಕೇಶ ಅವರ ಮುಂದೆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತಿದ್ದ.

ಮೊನ್ನೆ ಶನಿವಾರ ಬೆಳಗಿನ ಶಾಲೆ. ಒಂಬತ್ತನೇ ತರಗತಿಯಲ್ಲಿ ಇದ್ದಾಗ ಅವನ ಫೋನು. ಶಾಲೆಯ ಹೊತ್ತಿನಲ್ಲಿ ಅವನು ಫೋನು ಮಾಡುವವನಲ್ಲ. ಕಾರಿಡಾರಿಗೆ ಓಡಿದೆ. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು.

"ಅಣ್ಣ, ಎಡಗೈ ಜುಂ ಅಂತೈತೆ ಕಣೋ. ಬೆಳಿಗ್ಗೆಯಿಂದ. ಏನೂ ಇರಲ್ಲ ಅನ್ಸುತ್ತೆ."

"ಎದೆ?"

"ಎದೆ ಏನಿಲ್ಲ. ಕೈ ಕೆಳಗೆ ಹಾಕ್ಕಂಡು ಮಲಗಿದ್ನೇನೋ. ಆದ್ರೂ ತೋರಿಸಾನ ಅಂತ. ಈಗಲೇ ಹೊರಟೆ. ಅವಳೂ ಬತ್ತಾವ್ಳೆ. ನೀನು ಕಡೂರಲ್ಲಿ ಬಸ್ ಸ್ಟ್ಯಾಂಡಿಗೆ ಬಂದ್ಬಿಡು."

"ಬತ್ತೀನಿ" ಅಂದೆ.

ತರಗತಿಗೆ ವಾಪಸು ಹೋಗಿ ಲೆಕ್ಕದ ಉಳಿದ ಹೆಜ್ಜೆಗಳನ್ನು ಬೋರ್ಡಿನ ಮೇಲೆ ಬರೆದೆ. ಹೆಡ್ ಮೇಷ್ಟ್ರಿಗೆ ರಜೆ ಹೇಳಿ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು, ಹೆಂಡತಿಯ ಪಕ್ಕ ನಿಂತು, ನನ್ನನ್ನು ಹುಡುಕುತ್ತಿದ್ದ. ದೂರದಿಂದಲೇ ಕೂಗಿದ: "ಎಷ್ಟೊತ್ತೋ ಬರಾದು? ಬಸ್ ಹೊರಡ್ತದೆ!"